ತಂತ್ರಾಂಶದಲ್ಲಿ ಬಳಸದೆ ಉಳಿದ ಪ್ಯಾಕೇಜುಗಳು: ಹುಡುಕುವುದು ಹೇಗೆ, ತೆಗೆಯುವುದು ಹೇಗೆ?

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ಕಂಪ್ಯೂಟರ್ ಓದುತ್ತಿರುವ ಮಕ್ಕಳಿಗೆ ಏನಾದರೂ ಉಪಯೋಗಕ್ಕೆ ಬರುವಂಥದ್ದನ್ನು ಹೇಳಿ" ಎಂದಾಗ ನಾನು ಎರಡು ದಿನ ಯೋಚನೆ ಮಾಡಿದೆ. ಇಂಥ ಗೋಷ್ಠಿಗಳಲ್ಲಿ ಸಾಮಾನ್ಯವಾಗಿ ಉದ್ಯೋಗಾವಕಾಶಗಳ ಬಗ್ಗೆ, ಸಂದರ್ಶನ ಎದುರಿಸುವ ಬಗ್ಗೆ ಭಾಷಣಗಳಾಗುತ್ತವೆ. ಅವೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರ ನಿಮ್ಮ ಕೈಗೆ ಬರುವುದು ಹೊಸ ತಂತ್ರಾಂಶವಲ್ಲ. ಬೇರೆ ಯಾರೋ ಬರೆದು, ಬಿಟ್ಟುಹೋದ ಹಳೆಯ ತಂತ್ರಾಂಶ. ಅದನ್ನು ಗುಡಿಸಿ ಒರೆಸಿ ಇಟ್ಟುಕೊಳ್ಳುವುದನ್ನು ನನಗಂತೂ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ಆ ಕೆಲಸದ ಒಂದು ಸಣ್ಣ ಭಾಗವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಕಂಪ್ಯೂಟರ್ ಓದದ ಹಿರಿಯರೂ ಇಲ್ಲಿ ಕುಳಿತಿದ್ದೀರಿ. ನಡುವೆ ಸ್ವಲ್ಪ ದೂರ ನಿಮಗೆ ಬೇಸರವಾಗಬಹುದು, ಕ್ಷಮಿಸಬೇಕು.

ಇಂದು ಯಾರೂ ತಂತ್ರಾಂಶವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ದಿನಾಂಕ ಲೆಕ್ಕ ಹಾಕಲು ಒಬ್ಬರು ಬರೆದ ಪ್ಯಾಕೇಜು, ಡೇಟಾಬೇಸಿನಿಂದ ಮಾಹಿತಿ ತರಲು ಇನ್ನೊಬ್ಬರದು, ಬಿಲ್ಲನ್ನು ಪಿಡಿಎಫ್ ಮಾಡಲು ಮತ್ತೊಬ್ಬರದು. ಹೀಗೆ ಹೊರಗಿನಿಂದ ತಂದುಕೊಂಡು ನಮ್ಮ ತಂತ್ರಾಂಶ ನೆಚ್ಚಿಕೊಂಡಿರುವ ಪ್ಯಾಕೇಜುಗಳಿಗೆ ಡಿಪೆಂಡೆನ್ಸಿ ಎನ್ನುತ್ತಾರೆ. ಕನ್ನಡದಲ್ಲಿ ಅವಲಂಬನೆ ಎನ್ನಬಹುದು. ನಾನು ಸುಲಭಕ್ಕೆ ಪ್ಯಾಕೇಜು ಎಂದೇ ಹೇಳುತ್ತೇನೆ. ಜಾವಾಸ್ಕ್ರಿಪ್ಟಿನಲ್ಲಿ ಕೆಲಸ ಮಾಡುವವರಿಗೆ ಇವುಗಳ ಪಟ್ಟಿ ಪ್ಯಾಕೇಜ್ ಜೇಸನ್ ಎಂಬ ಕಡತದಲ್ಲಿರುತ್ತದೆ. ಎನ್‌ಪಿಎಂ ಎಂಬ ವ್ಯವಸ್ಥೆ ಆ ಪಟ್ಟಿಯನ್ನು ಓದಿ ಎಲ್ಲವನ್ನೂ ಅಂತರ್ಜಾಲದಿಂದ ಇಳಿಸಿ ನೋಡ್ ಮಾಡ್ಯೂಲ್ಸ್ ಎಂಬ ಫೋಲ್ಡರಿನಲ್ಲಿ ತುಂಬುತ್ತದೆ. ಪೈಥಾನ್, ಜಾವಾ, ಪಿಎಚ್‌ಪಿ ಎಲ್ಲದಕ್ಕೂ ಇಂಥದೇ ಏರ್ಪಾಡುಗಳಿವೆ. ನನಗೆ ಹೆಚ್ಚು ಪರಿಚಯವಿರುವುದು ಜಾವಾಸ್ಕ್ರಿಪ್ಟ್ ಆದ್ದರಿಂದ ಅದನ್ನೇ ಹಿಡಿದು ಮಾತನಾಡುತ್ತೇನೆ.

ನಮ್ಮ ಮನೆಗಳ ಮದುವೆಗೆ ಬಾವರ್ಚಿಯನ್ನು ಕರೆಯುವುದು ನಿಮಗೆಲ್ಲ ಗೊತ್ತು. ನೀವು ಮಾತನಾಡುವುದು ಬಾವರ್ಚಿ ಒಬ್ಬರ ಜೊತೆ. ಅವರು ನಾಲ್ಕು ಜನ ಸಹಾಯಕರನ್ನು ಕರೆತರುತ್ತಾರೆ, ಆ ಸಹಾಯಕರು ತಮ್ಮ ಕಡೆಯ ಇಬ್ಬಿಬ್ಬರನ್ನು ಕರೆತರುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಲ್ಲಿ ಹದಿಮೂರು ಜನ ಓಡಾಡುತ್ತಿರುತ್ತಾರೆ, ಅವರಲ್ಲಿ ನಿಮಗೆ ಹೆಸರು ಗೊತ್ತಿರುವುದು ಒಬ್ಬರದು. ಪ್ಯಾಕೇಜುಗಳೂ ಹಾಗೆಯೇ. ನೀವು ಪಟ್ಟಿಯಲ್ಲಿ ಮೂವತ್ತು ಹೆಸರು ಬರೆದರೆ ಫೋಲ್ಡರಿನಲ್ಲಿ ನೂರಾರು ಬಂದು ಕುಳಿತಿರುತ್ತವೆ. ಮದುವೆಯಾದರೆ ಮರುದಿನ ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ತಂತ್ರಾಂಶದಲ್ಲಿ ಮಾತ್ರ ಕೆಲಸ ಮುಗಿದರೂ ಯಾರೂ ಹೋಗುವುದಿಲ್ಲ, ನಾವೇ ಕಳಿಸಿಕೊಡಬೇಕು.

ಕೆಲಸ ಮುಗಿದ ಪ್ಯಾಕೇಜು ಪಟ್ಟಿಯಲ್ಲಿ ಉಳಿಯುವುದು ಹೇಗೆ? ಯಾರದೂ ದುರುದ್ದೇಶವಿರುವುದಿಲ್ಲ. ಮೊಮೆಂಟ್ ಎಂಬ ದಿನಾಂಕದ ಪ್ಯಾಕೇಜನ್ನು ಒಂದು ಕಾಲಕ್ಕೆ ಎಲ್ಲರೂ ಬಳಸುತ್ತಿದ್ದರು. ಹೊಸ ಯೋಜನೆಗಳಿಗೆ ಇದನ್ನು ಆರಿಸಿಕೊಳ್ಳಬೇಡಿ ಎಂದು 2020ರಲ್ಲಿ ಅದರ ನಿರ್ವಾಹಕರೇ ಹೇಳಿದರು. ಅದೇ ವರ್ಷ ರಿಕ್ವೆಸ್ಟ್ ಎಂಬ ಇನ್ನೊಂದು ಜನಪ್ರಿಯ ಪ್ಯಾಕೇಜಿನ ನಿರ್ವಹಣೆಯೂ ನಿಂತಿತು. ಆಗ ಬಹಳಷ್ಟು ಜನ ತಮ್ಮ ಕೋಡಿನಲ್ಲಿ ಇವುಗಳ ಬದಲಿಗೆ ಬೇರೆಯದನ್ನು ಹಾಕಿಕೊಂಡರು. ಪಟ್ಟಿಯಿಂದ ಹಳೆಯ ಹೆಸರನ್ನು ಅಳಿಸುವುದನ್ನು ಮರೆತರು. ಮರೆತರೂ ಏನೂ ಕೆಡುವುದಿಲ್ಲವಲ್ಲ, ತಂತ್ರಾಂಶ ಓಡುತ್ತಲೇ ಇರುತ್ತದೆ. ಹೀಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

"ಓಡುತ್ತಿದೆಯಲ್ಲ, ಇರಲಿ ಬಿಡಿ" ಎಂದು ನೀವು ಹೇಳಬಹುದು. ನಾನೂ ಬಹಳ ಕಾಲ ಹಾಗೇ ಹೇಳುತ್ತಿದ್ದೆ. ಡಿಸ್ಕಿನಲ್ಲಿ ಜಾಗ ಹಿಡಿಯುತ್ತದೆ, ಇಳಿಸಲು ಸಮಯ ತಗಲುತ್ತದೆ ಎಂಬುವೆಲ್ಲ ಸಣ್ಣ ಕಾರಣಗಳು. ದೊಡ್ಡ ಕಾರಣ ಬೇರೆ ಇದೆ. ಎನ್‌ಪಿಎಂ ವ್ಯವಸ್ಥೆಯಲ್ಲಿ ಒಂದು ಪ್ಯಾಕೇಜು ನಿಮ್ಮ ಗಣಕದಲ್ಲಿ ಸ್ಥಾಪನೆಯಾಗುವ ಗಳಿಗೆಯಲ್ಲೇ ತನ್ನದೊಂದು ಸ್ಕ್ರಿಪ್ಟನ್ನು ಓಡಿಸಬಲ್ಲದು. ನಿಮ್ಮ ಕೋಡು ಅದನ್ನು ಒಮ್ಮೆಯೂ ಕರೆಯಬೇಕಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶೈ-ಹುಲೂದ್ ಎಂದು ಹೆಸರಾದ ಒಂದು ಹುಳು ಇದೇ ದಾರಿಯಲ್ಲಿ ನೂರಾರು ಪ್ಯಾಕೇಜುಗಳೊಳಗೆ ಹರಡಿತು. ಸ್ಥಾಪನೆಯಾಗುತ್ತಿದ್ದಂತೆ ಓಡಿ, ಆ ಗಣಕದಲ್ಲಿ ಸಿಕ್ಕ ರಹಸ್ಯ ಕೀಲಿಗಳನ್ನು ಕದ್ದು, ಅವುಗಳ ಬಲದಿಂದಲೇ ಅದೇ ವ್ಯಕ್ತಿಯ ಇತರ ಪ್ಯಾಕೇಜುಗಳಿಗೂ ಸೇರಿಕೊಳ್ಳುತ್ತಿತ್ತು. ಬಳಸುವ ಪ್ಯಾಕೇಜಿನಿಂದ ಅಪಾಯ ಬಂದರೆ ಅದು ಅನಿವಾರ್ಯ ಎನ್ನೋಣ. ಬಳಸದೇ ಇರುವ ಪ್ಯಾಕೇಜಿನಿಂದ ಮನೆಗೆ ಕಳ್ಳ ಬಂದರೆ ಏನು ಹೇಳೋಣ?

ಇನ್ನೊಂದು ಉದಾಹರಣೆ 2018ರದು. ಈವೆಂಟ್ ಸ್ಟ್ರೀಮ್ ಎಂಬ ಪ್ಯಾಕೇಜನ್ನು ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಇಳಿಸಿಕೊಳ್ಳಲಾಗುತ್ತಿತ್ತು. ಅದನ್ನು ಬರೆದವರು ತಾವೇ ಅದನ್ನು ಬಳಸದೆ ಬಹಳ ಕಾಲವಾಗಿತ್ತು. ಸಂಬಳವಿಲ್ಲ, ಸಮಯವಿಲ್ಲ. ಅಪರಿಚಿತರೊಬ್ಬರು "ನಾನು ನೋಡಿಕೊಳ್ಳುತ್ತೇನೆ" ಎಂದಾಗ ಕೊಟ್ಟುಬಿಟ್ಟರು. ಆ ಅಪರಿಚಿತ ಅದರೊಳಗೆ ಇನ್ನೊಂದು ಪ್ಯಾಕೇಜನ್ನು ತಂದು ಸೇರಿಸಿದ. ಅದರಲ್ಲಿ ಕೊಪೇ ಎಂಬ ಬಿಟ್‌ಕಾಯಿನ್ ಥೈಲಿಯಿಂದ ಹಣ ಕದಿಯುವ ಕೋಡು ಅಡಗಿತ್ತು. ಬಾವರ್ಚಿ ಒಳ್ಳೆಯವರೇ, ಅವರ ಸಹಾಯಕನ ಕಡೆಯಿಂದ ಬಂದವನು ಯಾರೆಂದು ಯಾರೂ ಕೇಳಲಿಲ್ಲ. 2016ರ ಮಾರ್ಚ್‌ನಲ್ಲಿ ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್ ಒಂದು ಹೆಸರಿನ ವಿವಾದದಲ್ಲಿ ಬೇಸತ್ತು ತಮ್ಮ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂನಿಂದ ಹಿಂತೆಗೆದುಕೊಂಡಾಗ, ಲೆಫ್ಟ್ ಪ್ಯಾಡ್ ಎಂಬ ಹನ್ನೊಂದು ಸಾಲಿನ ಕೋಡು ಕೂಡ ಮಾಯವಾಗಿ ಪ್ರಪಂಚದಾದ್ಯಂತ ಸಾವಿರಾರು ಯೋಜನೆಗಳು ನಿಂತುಹೋದದ್ದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಪದದ ಎಡಗಡೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದು ತಮ್ಮ ಮನೆಯಲ್ಲಿದೆ ಎಂದು ಬಹುಮಂದಿಗೆ ಗೊತ್ತಾದದ್ದೇ ಅಂದು.

ಇನ್ನು ಹುಡುಕುವ ವಿಷಯಕ್ಕೆ ಬರುತ್ತೇನೆ.

ಹುಡುಕಲು ಒಂದು ಶೆಲ್ ಸ್ಕ್ರಿಪ್ಟ್ ಸಾಕು. ಶೆಲ್ ಎಂದರೆ ಲಿನಕ್ಸಿನಲ್ಲಿ ನಾವು ಆ ಕಪ್ಪು ಪರದೆಯಲ್ಲಿ ಟೈಪಿಸುವ ಕಮಾಂಡುಗಳನ್ನು ಓದಿ ನಡೆಸುವ ತಂತ್ರಾಂಶ. ಒಂದರ ಕೆಳಗೊಂದು ಕಮಾಂಡುಗಳನ್ನು ಕಡತದಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಇದಕ್ಕೆಂದೇ ಸಿದ್ಧ ಉಪಕರಣಗಳಿವೆ, ನನಗೆ ಗೊತ್ತಿದೆ. ಜಾವಾಸ್ಕ್ರಿಪ್ಟಿಗೆ ನಿಪ್ ಇದೆ. ಜಾವಾದ ಮೇವೆನ್‌ನಲ್ಲಿ ವಿಶ್ಲೇಷಣೆಗೆ ಪ್ರತ್ಯೇಕ ಕಮಾಂಡೇ ಇದೆ. ಗೋ ಭಾಷೆಯಂತೂ ಬಳಸದ ಇಂಪೋರ್ಟ್ ಕಂಡರೆ ಕಂಪೈಲ್ ಮಾಡಲೇ ಒಪ್ಪುವುದಿಲ್ಲ, ಪಟ್ಟಿಯನ್ನು ಶುಚಿ ಮಾಡಲು ಮಾಡ್ ಟೈಡಿ ಎಂಬ ಕಮಾಂಡನ್ನೂ ಕೊಟ್ಟಿದೆ. ಕೆಲಸಕ್ಕೆ ಅವುಗಳನ್ನೇ ಬಳಸಿ. ಆದರೆ ಕಲಿಯುವ ವಯಸ್ಸಿನಲ್ಲಿ ಒಮ್ಮೆ ನೀವೇ ಬರೆಯಬೇಕೆಂದು ನನ್ನ ಆಗ್ರಹ. ಏಕೆಂದರೆ ಬರೆಯುವಾಗ ಒಂದು ಪ್ರಶ್ನೆ ನಿಮ್ಮನ್ನು ಬಿಡದೆ ಕಾಡುತ್ತದೆ: "ಬಳಸಿಲ್ಲ" ಎಂದರೆ ನಿಜವಾಗಿ ಏನು?

ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಮಾಡಿದರೆ ಗಣಕ ಅದನ್ನು ಓದುವುದಿಲ್ಲ. ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ, ನೀವು ಕುಳಿತು ಬರೆದುಕೊಳ್ಳಿ, ಹತ್ತು ಸಾಲು ಮೀರುವುದಿಲ್ಲ. ಮೊದಲು ಜೆಕ್ಯೂ ಎಂಬ ಕಮಾಂಡಿನಿಂದ ಪ್ಯಾಕೇಜ್ ಜೇಸನ್ ಕಡತದಲ್ಲಿರುವ ಹೆಸರುಗಳನ್ನು ಸಾಲಿಗೊಂದರಂತೆ ಹೊರತೆಗೆಯಿರಿ. ಜೇಸನ್ ಮಾದರಿಯ ಮಾಹಿತಿಯನ್ನು ಬಿಡಿಸಿ ಕೊಡುವುದೇ ಜೆಕ್ಯೂ ಕೆಲಸ. ಆ ಸಾಲುಗಳನ್ನು ಪೈಪಿನ ಮೂಲಕ, ಎಂದರೆ ಆ ಉದ್ದ ಗೀಟಿನ ಚಿಹ್ನೆಯ ಮೂಲಕ, ವೈಲ್ ರೀಡ್ ಎಂಬ ಸುತ್ತಿಗೆ ಹರಿಸಿ. ಸುತ್ತು ಒಂದೊಂದೇ ಹೆಸರನ್ನು ಎತ್ತಿಕೊಳ್ಳುತ್ತದೆ. ಸುತ್ತಿನೊಳಗೆ ಗ್ರೆಪ್ ಕಮಾಂಡು ಆ ಹೆಸರನ್ನು ನಿಮ್ಮ ಕೋಡಿನ ಫೋಲ್ಡರಿನಲ್ಲಿ ಒಳಹೊಕ್ಕು ಹುಡುಕಬೇಕು. ಸಿಗದಿದ್ದರೆ ಹೆಸರನ್ನು ಪರದೆಯ ಮೇಲೆ ಅಚ್ಚಿಸಬೇಕು. ಅಷ್ಟೇ. ಗ್ರೆಪ್ ನಿಮಗಿಂತ, ನನಗಿಂತ ಹಿರಿಯದು. ಕೆನ್ ಥಾಂಪ್ಸನ್ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಇದು 1973ರ ಹೊತ್ತಿಗೇ ಯೂನಿಕ್ಸ್‌ನಲ್ಲಿತ್ತು. ಐವತ್ತು ವರ್ಷ ದಾಟಿದ ಮೇಲೂ ದಿನಕ್ಕೆ ಹತ್ತು ಸಲ ನನಗೆ ಅದು ಬೇಕು.

ನಾನು ಮೊದಲ ಸಲ ಬರೆದು ಓಡಿಸಿದಾಗ ಪರದೆಯ ಮೇಲೆ ಏನೂ ಬರಲಿಲ್ಲ. ಆಹಾ, ನಮ್ಮ ತಂತ್ರಾಂಶ ಎಷ್ಟು ಶುಚಿಯಾಗಿದೆ ಎಂದು ಹಿಗ್ಗಿದೆ. ಆಮೇಲೆ ಗೊತ್ತಾಯಿತು, ನಾನು ಹುಡುಕಿದ ಫೋಲ್ಡರಿನಲ್ಲೇ ಪ್ಯಾಕೇಜ್ ಜೇಸನ್ ಕೂಡ ಇತ್ತು. ಪ್ರತಿ ಹೆಸರೂ ತನ್ನದೇ ಪಟ್ಟಿಯಲ್ಲಿ ಸಿಕ್ಕಿತ್ತು! ಆ ಕಡತವನ್ನೂ, ಅದರ ಜೊತೆಗಿರುವ ಲಾಕ್ ಕಡತವನ್ನೂ, ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಹೊರಗಿಟ್ಟು ಹುಡುಕಿದೆ. ಆಗ ಕೆಲವು ಹೆಸರುಗಳು ಬಂದವು. ಆದರೆ ನಮ್ಮಲ್ಲಿ ಯಾರೂ ಬಳಸುವುದಿಲ್ಲವೆಂದು ನನಗೆ ಖಾತ್ರಿಯಿದ್ದ ಮೊಮೆಂಟ್ ಮಾತ್ರ ಬರಲಿಲ್ಲ. ನೋಡಿದರೆ, ಪುಟ ತೆರೆಯುವಾಗ ಬಳಕೆದಾರರಿಗೆ "ಜಸ್ಟ್ ಎ ಮೊಮೆಂಟ್" ಎಂದು ತೋರಿಸುವ ಒಂದು ಸಾಲಿತ್ತು. ಗ್ರೆಪ್‌ಗೆ ಇಂಗ್ಲಿಷ್ ಮಾತೂ ಒಂದೇ, ಪ್ಯಾಕೇಜಿನ ಹೆಸರೂ ಒಂದೇ. ಹಾಗೆಯೇ ಮೊಮೆಂಟ್ ಟೈಮ್‌ಝೋನ್ ಎಂಬ ಬೇರೊಂದು ಪ್ಯಾಕೇಜಿದ್ದರೂ ಮೊಮೆಂಟ್ ಸಿಕ್ಕಿತೆಂದೇ ಹೇಳುತ್ತದೆ. ಆದ್ದರಿಂದ ಬರಿಯ ಹೆಸರನ್ನು ಹುಡುಕಬೇಡಿ. ಇಂಪೋರ್ಟ್ ಮಾಡುವಾಗ ಹೆಸರು ಉದ್ಧರಣ ಚಿಹ್ನೆಗಳ ನಡುವೆ ಇರುತ್ತದಲ್ಲವೇ, ಆ ಚಿಹ್ನೆಯನ್ನೂ ಸೇರಿಸಿ ಹುಡುಕಿ. ಹೆಸರಿನ ಮುಂದೆ ಮುಚ್ಚುವ ಚಿಹ್ನೆಯಾಗಲಿ, ಒಂದು ಓರೆಗೀಟಾಗಲಿ ಇರಬೇಕು. ಓರೆಗೀಟು ಏಕೆಂದರೆ ಕೆಲವರು ಪ್ಯಾಕೇಜಿನ ಒಳಗಿನ ಒಂದು ಭಾಗವನ್ನು ಮಾತ್ರ ತರಿಸಿಕೊಳ್ಳುತ್ತಾರೆ.

ಈಗ ಹೇಳಲಿರುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಇದು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಗ್ರೆಪ್ ತನ್ನ ಕೆಲಸ ಮುಗಿಸಿದ ಮೇಲೆ ಶೆಲ್‌ಗೆ ಒಂದು ಅಂಕಿಯನ್ನು ಒಪ್ಪಿಸುತ್ತದೆ. ಸಿಕ್ಕಿದರೆ 0, ಸಿಗದಿದ್ದರೆ 1, ಹುಡುಕುವುದೇ ಆಗಲಿಲ್ಲವೆಂದರೆ 2. ಫೋಲ್ಡರಿನ ಹೆಸರನ್ನು ನೀವು ತಪ್ಪಾಗಿ ಟೈಪಿಸಿದಿರಿ ಎಂದಿಟ್ಟುಕೊಳ್ಳಿ, ಗ್ರೆಪ್ ಕೊಡುವುದು 2. ಆದರೆ ಹೊಸಬರೆಲ್ಲ ಬರೆಯುವುದು "0 ಅಲ್ಲದಿದ್ದರೆ ಬಳಸಿಲ್ಲ" ಎಂದು. ಒಂದು ಅಕ್ಷರ ತಪ್ಪಿದರೆ ಸಾಕು, ನಿಮ್ಮ ಸ್ಕ್ರಿಪ್ಟು ಇಡೀ ಪಟ್ಟಿಯನ್ನೇ ಬಳಸದ್ದು ಎಂದು ಹೇಳುತ್ತದೆ. ಎಲ್ಲವನ್ನೂ ಹೇಳಿದರೆ ನೀವು ಅನುಮಾನ ಪಡುತ್ತೀರಿ, ಪರವಾಗಿಲ್ಲ. ಆದರೆ ನೀವು ಮೂರು ಫೋಲ್ಡರುಗಳಲ್ಲಿ ಬೇರೆ ಬೇರೆಯಾಗಿ ಹುಡುಕಿಸಿ, ಮೂರನೆಯದರ ಹೆಸರು ಮಾತ್ರ ತಪ್ಪಿದ್ದರೆ ಐದಾರು ಹೆಸರು ಹೆಚ್ಚಾಗಿ ಬರುತ್ತವೆ, ಅನುಮಾನಕ್ಕೆ ಆಸ್ಪದವೇ ಇಲ್ಲ. "ಇಲ್ಲ" ಎನ್ನುವುದು ಬೇರೆ, "ನಾನು ನೋಡಲಾಗಲಿಲ್ಲ" ಎನ್ನುವುದು ಬೇರೆ. ಸ್ಕ್ರಿಪ್ಟಿನಲ್ಲಿ 1 ಬಂದರೆ ಮಾತ್ರ ಹೆಸರು ಅಚ್ಚಿಸಿ. 2 ಬಂದರೆ ಅಲ್ಲಿಗೇ ನಿಲ್ಲಿಸಿ ದೂರು ಹೇಳಬೇಕು.

ಇದು ಹೊಸಬರ ತಪ್ಪು ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್ ಎಂಬ ಕಂಪನಿ ಕೋಟ್ಯಂತರ ಜನರ ಸಾಲದ ಲೆಕ್ಕ ಇಟ್ಟುಕೊಳ್ಳುತ್ತದೆ. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ಪ್ಯಾಕೇಜಿನಲ್ಲಿ ದೊಡ್ಡ ಬಿರುಕು ಪತ್ತೆಯಾಗಿ, ಅದಕ್ಕೆ ತಿದ್ದುಪಡಿಯೂ ಬಂತು. ಕಂಪನಿ ತನ್ನ ಗಣಕಗಳಲ್ಲಿ ಸ್ಟ್ರಟ್ಸ್ ಎಲ್ಲೆಲ್ಲಿದೆ ಎಂದು ಹುಡುಕಿಸಿತು. ಹುಡುಕುವ ತಂತ್ರಾಂಶಕ್ಕೆ ಬಿರುಕಿನ ಪ್ಯಾಕೇಜು ಸಿಗಲಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದುಕೊಂಡರು. ಇತ್ತು. ಮೇ ತಿಂಗಳಿನಿಂದ ಜುಲೈ ಕೊನೆಯವರೆಗೆ ಕಳ್ಳರು ಆ ಬಿರುಕಿನಲ್ಲೇ ಓಡಾಡಿಕೊಂಡಿದ್ದು ಸುಮಾರು 14.7 ಕೋಟಿ ಜನರ ವೈಯಕ್ತಿಕ ಮಾಹಿತಿಯನ್ನು ಹೊತ್ತೊಯ್ದರು. ದೊಡ್ಡ ಕಂಪನಿ, ದುಬಾರಿ ಉಪಕರಣಗಳು, ಬೇಕಾದಷ್ಟು ಜನ. ಇಷ್ಟಿದ್ದೂ ಕೆಟ್ಟದ್ದು ಆ ಸಿಗಲಿಲ್ಲ ಎಂಬ ಉತ್ತರವನ್ನು ಇನ್ನೊಮ್ಮೆ ಪ್ರಶ್ನಿಸದೇ ಇದ್ದುದರಿಂದ.

ನಿಮ್ಮ ಸ್ಕ್ರಿಪ್ಟು ಸರಿಯಾಗಿಯೇ ಹುಡುಕಿತು ಎನ್ನೋಣ. ಆಗಲೂ ಅದು ಬಳಸಿಲ್ಲವೆಂದ ಹೆಸರುಗಳಲ್ಲಿ ಅರ್ಧಕ್ಕರ್ಧ ಬಳಕೆಯಲ್ಲಿರುವುದೇ ಇರಬಹುದು. ಟೈಪ್‌ಸ್ಕ್ರಿಪ್ಟ್ ಎಂಬ ಪ್ಯಾಕೇಜನ್ನು ಯಾವ ಕೋಡಿನಲ್ಲೂ ಇಂಪೋರ್ಟ್ ಮಾಡಬೇಕಾಗಿಲ್ಲ; ಅದು ಟಿಎಸ್‌ಸಿ ಎಂಬ ಬೇರೆ ಹೆಸರಿನ ಕಮಾಂಡಾಗಿ ಬಂದು ಕೆಲಸ ಮಾಡುತ್ತದೆ. ಕೋಡಿನ ತಪ್ಪು ಹುಡುಕುವ ಇಎಸ್‌ಲಿಂಟ್‌ನ ಹಳೆಯ ಮಾದರಿಯ ಸಂರಚನಾ ಕಡತದಲ್ಲಿ ಪ್ಲಗಿನ್‌ಗಳ ಹೆಸರನ್ನು ಮುಂದಿನ ಅರ್ಧ ಕತ್ತರಿಸಿ ಬರೆಯುವುದು ರೂಢಿ. ಪೂರ್ಣ ಹೆಸರು ಹುಡುಕಿದರೆ ಹೇಗೆ ಸಿಕ್ಕೀತು? ಪೈಥಾನ್ ಓದುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಸ್ಥಾಪಿಸುವ ಹೆಸರು ಒಂದು, ಇಂಪೋರ್ಟ್ ಮಾಡುವ ಹೆಸರು ಇನ್ನೊಂದು. ಪಿಲ್ಲೋ ಎಂದು ತರಿಸಿಕೊಂಡು ಪಿಐಎಲ್ ಎಂದು ಬರೆಯುತ್ತೇವೆ. ಬ್ಯೂಟಿಫುಲ್‌ಸೂಪ್4 ಕೋಡಿನಲ್ಲಿ ಬಿಎಸ್4 ಆಗುತ್ತದೆ. ಸೈಕಿಟ್ ಲರ್ನ್ ಎಂಬುದು ಎಸ್‌ಕೆಲರ್ನ್ ಆಗುತ್ತದೆ. ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವ ಮಕ್ಕಳ ಹಾಗೆ. ನಾನೂ ಅಂಥವನೇ, ಹಾಜರಿ ಕರೆಯುವಾಗ ಎಷ್ಟೋ ದಿನ ಎದ್ದು ನಿಲ್ಲದೆ ಬೈಸಿಕೊಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು, ಹೆಸರೇ ಎಲ್ಲೂ ಬರೆಯದೆ ಬಳಕೆಯಾಗುವ ಪ್ಯಾಕೇಜು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಲಾರಿ ಸಾಗಣೆ ಸಂಸ್ಥೆಯ ತಂತ್ರಾಂಶ ನಮ್ಮ ಸುಪರ್ದಿಯಲ್ಲಿತ್ತು. ಡ್ರೈವರ್‌ಗಳ ಟ್ರಿಪ್ ಶೀಟ್, ಡೀಸೆಲ್, ಬಾಟಾ ಎಲ್ಲದರ ಲೆಕ್ಕ. ಮುಖ್ಯ ಡೇಟಾಬೇಸು ಪೋಸ್ಟ್‌ಗ್ರೆಸ್. ಆದರೆ ಗೋದಾಮುಗಳ ಟ್ರಿಪ್ ಶೀಟುಗಳು ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲೇ ಉಳಿದಿದ್ದವು. ತಿಂಗಳ ಕೊನೆಯ ರಾತ್ರಿ ಒಂದು ಕೆಲಸ ತಾನಾಗಿ ಓಡಿ ಅವನ್ನು ಓದಿ ಪ್ರತಿಯೊಬ್ಬ ಡ್ರೈವರ್‌ಗೆ ಎಷ್ಟು ಬಾಟಾ ಎಂದು ಪಟ್ಟಿ ಮಾಡುತ್ತಿತ್ತು. ಇವೆರಡನ್ನೂ ನೋಡಿಕೊಳ್ಳುತ್ತಿದ್ದುದು ಸೀಕ್ವೆಲೈಜ್ ಎಂಬ ಪ್ಯಾಕೇಜು. ಸೀಕ್ವೆಲೈಜ್‌ಗೆ ನಾವು "ಮೈಎಸ್‌ಕ್ಯೂಎಲ್" ಎಂದು ಹೇಳಿದರೆ ಅದು ತೆರೆಮರೆಯಲ್ಲಿ ಮೈಎಸ್‌ಕ್ಯೂಎಲ್2 ಎಂಬ ಇನ್ನೊಂದು ಪ್ಯಾಕೇಜನ್ನು ತಾನೇ ಕರೆದುಕೊಳ್ಳುತ್ತದೆ. ನಮ್ಮ ಕೋಡಿನಲ್ಲಿ ಮೈಎಸ್‌ಕ್ಯೂಎಲ್2 ಎಂಬ ಹೆಸರು ಒಂದು ಕಡೆಯೂ ಇರಲಿಲ್ಲ.

ನನ್ನ ಸ್ಕ್ರಿಪ್ಟು ಅದನ್ನು ಬಳಸದ್ದು ಎಂದು ತೋರಿಸಿತು. ಅದರ ಜೊತೆ ಇನ್ನೂ ಎಂಟು ಹೆಸರುಗಳಿದ್ದವು. ಒಂದೇ ಸಲಕ್ಕೆ ಒಂಬತ್ತನ್ನೂ ತೆಗೆದೆ. ಪರೀಕ್ಷೆಗಳೆಲ್ಲ ಹಸಿರು ತೋರಿಸಿದವು, ಏಕೆಂದರೆ ಪರೀಕ್ಷೆಗಳು ಪೋಸ್ಟ್‌ಗ್ರೆಸ್ ಭಾಗವನ್ನು ಮಾತ್ರ ಮುಟ್ಟುತ್ತಿದ್ದವು. ಮೇಲಧಿಕಾರಿ ಬೆನ್ನು ತಟ್ಟಿದರು. ಮೂರು ವಾರ ಏನೂ ಆಗಲಿಲ್ಲ. ತಿಂಗಳ ಕೊನೆಯ ರಾತ್ರಿ ಆ ಕೆಲಸ ಎದ್ದು, ಮೈಎಸ್‌ಕ್ಯೂಎಲ್2 ಪ್ಯಾಕೇಜನ್ನು ನೀವೇ ಸ್ಥಾಪಿಸಿಕೊಳ್ಳಿ ಎಂಬ ಒಂದು ಸಾಲು ಲಾಗ್ ಕಡತದಲ್ಲಿ ಬರೆದು ಮಲಗಿತು.

ಬೆಳಿಗ್ಗೆ ಎಂಟಕ್ಕೆ ಆ ಸಂಸ್ಥೆಯ ಅಕೌಂಟೆಂಟ್ ಫೋನ್ ಮಾಡಿದರು. "ಸಾರ್, ಬಾಟಾ ಪಟ್ಟಿ ಖಾಲಿ ಬಂದಿದೆ. ಡ್ರೈವರ್‌ಗಳೆಲ್ಲ ಬಾಗಿಲಲ್ಲಿ ನಿಂತಿದ್ದಾರೆ, ಏನು ಹೇಳಲಿ?" ನಾನು ಒಂಬತ್ತು ಹೆಸರುಗಳನ್ನು ಒಟ್ಟಿಗೆ ತೆಗೆದಿದ್ದರಿಂದ, ಜೊತೆಗೆ ಮೂರು ವಾರದ ಬೇರೆ ಬದಲಾವಣೆಗಳೂ ಸೇರಿದ್ದರಿಂದ, ಯಾವುದನ್ನು ಹಿಂದಕ್ಕೆ ತರಬೇಕೆಂದು ತಿಳಿಯಲು ಮಧ್ಯಾಹ್ನವಾಯಿತು. ಲಾಗ್ ಕಡತ ನೋಡಬೇಕೆಂದು ಮೊದಲೇ ಹೊಳೆಯಬೇಕಿತ್ತು, ಗಾಬರಿಯಲ್ಲಿ ಹೊಳೆಯಲಿಲ್ಲ. ಪಟ್ಟಿ ತಯಾರಾಗುವಾಗ ಬ್ಯಾಂಕಿನ ವೇಳೆ ಮುಗಿದಿತ್ತು, ಮರುದಿನ ರಜೆ. ಹಣ ಕೈಸೇರಿದ್ದು ಎರಡು ದಿನ ತಡವಾಗಿ. ಒಬ್ಬ ಹಿರಿಯ ಡ್ರೈವರ್ ಅಕೌಂಟೆಂಟ್ ಕೈಯಿಂದ ಫೋನ್ ತೆಗೆದುಕೊಂಡು ನನ್ನನ್ನೇ ಕೇಳಿದರು: "ಮಗಳ ಕಾಲೇಜು ಫೀಸಿಗೆ ಇವತ್ತೇ ಕೊನೆ ದಿನ. ನಿಮ್ಮ ಕಂಪ್ಯೂಟರ್‌ಗೆ ಏನಾಯ್ತು ಸಾರ್?" ಕಂಪ್ಯೂಟರ್‌ಗೆ ಏನೂ ಆಗಿರಲಿಲ್ಲ. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಫೀಸನ್ನು ಅಕೌಂಟೆಂಟೇ ಕೈಯಿಂದ ಕೊಟ್ಟರೆಂದು ಆಮೇಲೆ ತಿಳಿಯಿತು.

ಅಂದಿನಿಂದ ನಾನು ತೆಗೆಯುವ ಕ್ರಮ ಬದಲಾಯಿತು. ಸ್ಕ್ರಿಪ್ಟು ಕೊಡುವುದು ವಿಚಾರಣೆಗೆ ಕರೆಯಬೇಕಾದವರ ಪಟ್ಟಿ, ತೀರ್ಪಲ್ಲ. ಸ್ಕ್ರಿಪ್ಟು ತಾನೇ ತೆಗೆದುಹಾಕುವಂತೆ ನಾನು ಎಂದೂ ಬರೆಯುವುದಿಲ್ಲ, ನೀವೂ ಬರೆಯಬೇಡಿ. ಒಂದೊಂದು ಹೆಸರಿಗೂ ಗಿಟ್ ಇತಿಹಾಸದಲ್ಲಿ ಇದು ಯಾವಾಗ ಸೇರಿತು, ಯಾರು ಸೇರಿಸಿದರು, ಆ ದಿನ ಅದರ ಜೊತೆಗೆ ಯಾವ ಕೋಡು ಬಂತು ಎಂದು ನೋಡಿ. ಐದು ನಿಮಿಷದ ಕೆಲಸ. ನಾನು ಅದನ್ನು ಮಾಡಿದ್ದರೆ ಮೈಎಸ್‌ಕ್ಯೂಎಲ್2 ಬಂದ ದಿನವೇ ಬಾಟಾ ಲೆಕ್ಕದ ಕೋಡೂ ಬಂದದ್ದು ಕಾಣುತ್ತಿತ್ತು. ಸೇರಿಸಿದವರು ಇನ್ನೂ ಅಲ್ಲೇ ಕೆಲಸದಲ್ಲಿದ್ದರೆ ಹೋಗಿ ಕೇಳಿ, ನಾಚಿಕೆ ಬೇಡ. ಆಮೇಲೆ ಒಂದು ಹೆಸರು ತೆಗೆಯಿರಿ, ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಸ್ಥಾಪಿಸಿ, ಪರೀಕ್ಷೆಗಳನ್ನು ಓಡಿಸಿ, ಅದನ್ನು ಪ್ರತ್ಯೇಕವಾಗಿ ಗಿಟ್‌ಗೆ ಒಪ್ಪಿಸಿ. ನಂತರ ಮುಂದಿನ ಹೆಸರು. ಒಂದೊಂದನ್ನೂ ಬೇರೆಯಾಗಿ ಒಪ್ಪಿಸಿದ್ದರೆ ತಪ್ಪಾದದ್ದನ್ನು ಮಾತ್ರ ಒಂದೇ ಕಮಾಂಡಿನಲ್ಲಿ ಹಿಂದಕ್ಕೆ ತರಬಹುದು. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಓಡುವ ಕೆಲಸಗಳಿದ್ದರೆ ಅವನ್ನು ಕೈಯಿಂದಲೇ ಒಮ್ಮೆ ಓಡಿಸಿ ನೋಡದೆ ಹೊರಗೆ ಬಿಡಬೇಡಿ. ಮಾರ್ಚ್ ಕೊನೆಯ ಲೆಕ್ಕದ ಕೋಡು ಏಪ್ರಿಲ್‌ನಲ್ಲಿ ಸತ್ತರೆ ಗೊತ್ತಾಗುವುದು ಮುಂದಿನ ಮಾರ್ಚ್‌ಗೆ.

ಫೋಲ್ಡರನ್ನು ಪೂರ್ತಿ ಅಳಿಸಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಬಾವರ್ಚಿಯ ಸಹಾಯಕ ತಂದ ಚೂರಿಯಲ್ಲಿ ನಿಮ್ಮ ಮನೆಯವರು ಈರುಳ್ಳಿ ಹೆಚ್ಚುತ್ತಿರುತ್ತಾರೆ. ಚೂರಿ ತಮ್ಮದೇ ಎಂದುಕೊಂಡಿರುತ್ತಾರೆ. ಬಾವರ್ಚಿಯನ್ನು ಕಳಿಸಿದರೆ ಚೂರಿಯೂ ಹೋಗುತ್ತದೆ. ಹಾಗೆ ನಿಮ್ಮ ಕೋಡು ಪಟ್ಟಿಯಲ್ಲಿಲ್ಲದ, ಬೇರೊಂದು ಪ್ಯಾಕೇಜಿನ ಹಿಂದೆ ಬಂದ ಪ್ಯಾಕೇಜನ್ನು ಬಳಸುತ್ತಿರಬಹುದು. ನಿಮ್ಮ ಗಣಕದಲ್ಲಿ ಹಳೆಯದು ಉಳಿದಿದ್ದರೆ ಓಡುತ್ತದೆ, ಬೇರೆಯವರ ಗಣಕದಲ್ಲಿ ಓಡುವುದಿಲ್ಲ. ಅಂಥದ್ದು ಸಿಕ್ಕಿದರೆ ಅದರ ಹೆಸರನ್ನು ಪಟ್ಟಿಗೆ ಸೇರಿಸಿ. ತೆಗೆಯಲು ಹೊರಟು ಸೇರಿಸಬೇಕಾದ ಪ್ರಸಂಗವೂ ಬರುತ್ತದೆ, ಅದೇನೂ ಸೋಲಲ್ಲ.

ಕೊನೆಯದಾಗಿ ಒಂದು ಸಣ್ಣ ಉಪಾಯ. ಜೇಸನ್ ಕಡತದಲ್ಲಿ ಟಿಪ್ಪಣಿ ಬರೆಯಲು ಅವಕಾಶವಿಲ್ಲ, ಆದ್ದರಿಂದ ಒಂದು ಹೆಸರು ಏಕಿದೆ ಎಂದು ಅಲ್ಲಿ ಬರೆದಿಡಲಾಗದು. ನಾವು ಪಕ್ಕದಲ್ಲೇ ಒಂದು ಸಾದಾ ಪಠ್ಯ ಕಡತ ಇಟ್ಟುಕೊಂಡೆವು. ಸ್ಕ್ರಿಪ್ಟಿಗೆ ಕಾಣದ, ಆದರೆ ಬೇಕಾದ ಪ್ಯಾಕೇಜುಗಳ ಹೆಸರು ಸಾಲಿಗೊಂದರಂತೆ, ಹೆಸರಿನ ಮುಂದೆ ಕಾರಣ. ಸ್ಕ್ರಿಪ್ಟು ಪ್ರತಿ ಸಾಲಿನ ಮೊದಲ ಪದವನ್ನು ಮಾತ್ರ ಓದಿ ಆ ಹೆಸರುಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಕಾರಣವನ್ನು ಓದುವುದು ಮುಂದೆ ಬರುವ ಮನುಷ್ಯರು. ಕಾರಣ ಬರೆಯದೆ ಹೆಸರು ಮಾತ್ರ ಹಾಕಲು ಯಾರಿಗೂ ಅನುಮತಿಯಿಲ್ಲ. ನಮ್ಮ ಕಡತದ ಮೊದಲ ಸಾಲು "ಮೈಎಸ್‌ಕ್ಯೂಎಲ್2, ತಿಂಗಳ ಕೊನೆಯ ಬಾಟಾ ಲೆಕ್ಕಕ್ಕೆ, ಸೀಕ್ವೆಲೈಜ್ ಒಳಗಿಂದ ಕರೆಯುತ್ತದೆ" ಎಂದಿತ್ತು.

ಊಟದ ನಂತರ ಕೆಳಗಿನ ಕಂಪ್ಯೂಟರ್ ಕೊಠಡಿಯಲ್ಲಿ ನಾಲ್ಕು ಗಂಟೆಯವರೆಗೆ ನಾನಿರುತ್ತೇನೆ. ಅಂತಿಮ ವರ್ಷದ ಪ್ರಾಜೆಕ್ಟು ತಂದವರು ಬನ್ನಿ, ಒಬ್ಬೊಬ್ಬರದನ್ನೂ ಓಡಿಸಿ ನೋಡೋಣ. ತೆಗೆಯುವ ಮೊದಲು ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಬನ್ನಿ.